ಕಣ ಬಿಟ್ಟು ಹೊರಟ ಜಟ್ಟಿಗಳು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ಓದುಗರಿಗೆ ಅಪರಿಚಿತ ಹೆಸರೇನೂ ಅಲ್ಲ. ನೀರಿಲ್ಲದೆ ಬೇಸತ್ತ ಅಲ್ಲಿಯ ಹಲವು ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಮಾತೆತ್ತಿದುವು. 2022ರ ಕೊನೆಗೆ ಅದೇ ಮಾತು ಎರಡು ರಾಜ್ಯಗಳ ನಡುವೆ ಮತ್ತೆ ಬಿಸಿಯೇರಿತು. ಗುಡ್ಡಾಪುರದ ದಾನಮ್ಮನ ಕ್ಷೇತ್ರವಿರುವುದು ಈ ತಾಲೂಕಿನಲ್ಲೇ. ಉಮದಿ, ಸಂಖ ಮುಂತಾದ ಪೂರ್ವದ ಊರುಗಳಲ್ಲಿ ಮನೆಮಾತು ಕನ್ನಡ, ಸರಕಾರದ ಮಾತು ಮರಾಠಿ. ಈ ಬಗೆಯ ಬದುಕು ಏನೆಂಬುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಸೀಮೆಯ ಇನ್ನೊಂದು ಗುರುತು ಕುಸ್ತಿ. ಸಾಂಗ್ಲಿ, ಕೊಲ್ಹಾಪುರಗಳ ಕಡೆ ಜಾತ್ರೆ ಎಂದರೆ ದೇವರ ಪಲ್ಲಕ್ಕಿ ಎಷ್ಟು ಮುಖ್ಯವೋ ಕುಸ್ತಿಯ ಕಣವೂ ಅಷ್ಟೇ ಮುಖ್ಯ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು, ಮುಂದೆ 'ಹಿಂದ್ ಕೇಸರಿ'ಯಾದ ಮಾರುತಿ ಮಾನೆ ಇದೇ ಸಾಂಗ್ಲಿ ಜಿಲ್ಲೆಯವರು. ಮಣ್ಣಿನ ಕುಸ್ತಿಯಲ್ಲಿ ಕತೆಯಿಲ್ಲ. ಇಬ್ಬರು ಇಳಿಯುತ್ತಾರೆ, ಒಬ್ಬನ ಬೆನ್ನು ಮಣ್ಣಿಗೆ ತಾಗಿತೆಂದರೆ ಮುಗಿಯಿತು. ಅವನು ಯಾರ ಮಗ, ಯಾವ ಗರಡಿಯವನು, ಯಾಕೆ ಹೋರಾಡುತ್ತಾನೆ ಎಂಬುದೆಲ್ಲ ಕಣದ ಹೊರಗಿನ ಮಾತು.

ಇಂದು ಕಾಳಗ ನೋಡಲು ಹುಡುಗರು ಜಾತ್ರೆಯನ್ನು ಕಾಯಬೇಕಾಗಿಲ್ಲ. ಅದು ಕಂಪ್ಯೂಟರಿನಲ್ಲಿದೆ, ಅಂಗೈಯ ಮೊಬೈಲಿನಲ್ಲೂ ಇದೆ. ಈ ವೀಡಿಯೊ ಕಾಳಗಗಳ ಕ್ರಮವೂ ಮೂಲದಲ್ಲಿ ಕುಸ್ತಿಯದೇ: ಎದುರುಬದುರು ಇಬ್ಬರು, ಒಂದು ಕಣ, ಒಬ್ಬನ ಗೆಲುವು. ಇವುಗಳಲ್ಲಿ ಹೆಸರಾಂತದ್ದು 'ಮಾರ್ಟಲ್ ಕಾಂಬ್ಯಾಟ್'. ಶಿಕಾಗೋದ ಮಿಡ್‌ವೇ ಕಂಪೆನಿಗಾಗಿ ಎಡ್ ಬೂನ್ ಮತ್ತು ಜಾನ್ ಟೋಬಯಸ್ ಎಂಬಿಬ್ಬರು ಇದನ್ನು 1992ರಲ್ಲಿ ರೂಪಿಸಿದರು. ನಿಜವಾದ ನಟರ ಚಿತ್ರಗಳನ್ನೇ ತೆರೆಗೆ ತಂದುದರಿಂದ ಅದರ ರಕ್ತಪಾತ ಅಮೆರಿಕದ ಹೆತ್ತವರನ್ನು ಬೆಚ್ಚಿಬೀಳಿಸಿತು. 1993ರಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿತು. ಯಾವ ಆಟ ಯಾವ ವಯಸ್ಸಿಗೆ ತಕ್ಕುದೆಂದು ಗುರುತು ಹಾಕುವ ಮಂಡಳಿ 1994ರಲ್ಲಿ ಹುಟ್ಟಿತು. ಇದು ಚಿಕ್ಕ ಮಕ್ಕಳ ಆಟವಲ್ಲ ಎಂಬುದನ್ನು ಹೆತ್ತವರು ಈಗಲೂ ನೆನಪಿಡಬೇಕು.

ಆದರೆ ಇಲ್ಲಿ ಹೇಳಹೊರಟಿರುವುದು ಅದರ ಕವಲುಗಳ ವಿಚಾರ.

ಮೂರು ಕವಲುಗಳು

ಮಹಾಭಾರತದಿಂದ ಒಬ್ಬ ಅಭಿಮನ್ಯುವನ್ನೋ ಬಭ್ರುವಾಹನನನ್ನೋ ಹೊರತೆಗೆದು ರಾತ್ರಿಯಿಡೀ ಆಡುವ ಪ್ರಸಂಗ ಕಟ್ಟುವುದು ಪಾರ್ತಿಸುಬ್ಬನ ನಾಡಿನವರಿಗೆ ಹೊಸತಲ್ಲ. ಮಿಡ್‌ವೇಯವರು ಮಾಡಹೊರಟದ್ದೂ ಅದನ್ನೇ. ಕಣದ ಆಟದಿಂದ ಒಬ್ಬ ಕಲಿಯನ್ನು ಆರಿಸಿ ಅವನಿಗೊಂದು ದಾರಿ, ಒಂದು ಕತೆ ಕೊಡುವುದು.

ಮೊದಲ ಯತ್ನ 1997ರದು. ಹಿಮದ ಶಕ್ತಿಯುಳ್ಳ ಸಬ್-ಝೀರೋ ಎಂಬವನ ಪೂರ್ವಕತೆ. ಮಂತ್ರವಾದಿಯೊಬ್ಬನ ಮಾತಿಗೆ ಒಪ್ಪಿ ತಾಯಿತವೊಂದನ್ನು ತರಲು ಹೊರಟವನು, ತಾನು ಯಾರ ಕೈಯ ಆಯುಧವಾದೆ ಎಂಬುದನ್ನು ದಾರಿಯಲ್ಲಿ ಅರಿಯುತ್ತಾನೆ. ಕತೆ ಒಳ್ಳೆಯದೇ, ತೊಡಕು ಬಂದದ್ದು ಆಟದ ಕ್ರಮದಲ್ಲಿ. ಕಣದಲ್ಲಿ ಎದುರಾಳಿ ಒಬ್ಬನೇ ಇರುವುದರಿಂದ ಆಟಗಾರನ ಮುಖ ತಾನಾಗಿ ಅವನತ್ತಲೇ ಇರುತ್ತದೆ. ದಾರಿಯಲ್ಲಿ ವೈರಿಗಳು ಹಿಂದಿನಿಂದಲೂ ಬರುತ್ತಾರೆ. ಇಲ್ಲಿಯಾದರೋ ಹಿಂದಿರುಗಿ ನೋಡುವುದಕ್ಕೂ ಬೇರೆಯೇ ಒಂದು ಗುಂಡಿ ಒತ್ತಬೇಕಿತ್ತು! ಆಡಿದವರು ಇಂದಿಗೂ ಅದನ್ನು ಹೇಳಿ ನಗುತ್ತಾರೆ. ಕಣದ ಪಟ್ಟುಗಳನ್ನು ಹಾಗೆಯೇ ಬೀದಿಗೆ ತಂದರೆ ಆಗುವುದು ಹೀಗೆ.

ಎರಡನೆಯದು 2000ದಲ್ಲಿ ಬಂದ 'ಸ್ಪೆಷಲ್ ಫೋರ್ಸಸ್'. ಜ್ಯಾಕ್ಸ್ ಎಂಬ ಸೈನಿಕ ಕೇನೋ ಎಂಬ ಪಾತಕಿಯನ್ನು ಬೆನ್ನಟ್ಟುತ್ತಾನೆ. ಜತೆಗಿರಬೇಕಾಗಿದ್ದ ಸೋನ್ಯಾ ಎಂಬಾಕೆಯ ಪಾತ್ರವನ್ನು ನಡುವೆ ಕೈಬಿಟ್ಟರು. ಆಟ ಮುಗಿಯುವ ಮೊದಲೇ ಟೋಬಯಸ್ ಕಂಪೆನಿ ಬಿಟ್ಟರು. ಅರೆಬೆಂದ ಆಟವನ್ನು ಜನ ಮುಟ್ಟಲಿಲ್ಲ.

ಮೂರನೆಯದು 2005ರ 'ಶಾವೋಲಿನ್ ಮಾಂಕ್ಸ್'. ಲಿಯು ಕಾಂಗ್, ಕುಂಗ್ ಲಾವ್ ಎಂಬ ಇಬ್ಬರು ಸನ್ಯಾಸಿಗಳು ಇಲ್ಲಿ ಜತೆಯಾಗಿ ಹೊರಡುತ್ತಾರೆ. ಇಬ್ಬರು ಗೆಳೆಯರು ಪಕ್ಕದಲ್ಲಿ ಕೂತು, ಒಬ್ಬರ ವಿರುದ್ಧ ಒಬ್ಬರಲ್ಲದೆ, ಒಟ್ಟಿಗೆ ಆಡಬಹುದಿತ್ತು. ಸುತ್ತಲಿನಿಂದ ಬರುವವರನ್ನು ಯಾವ ದಿಕ್ಕಿಗಾದರೂ ತಿರುಗಿ ಎದುರಿಸಲು ಸಾಧ್ಯವಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಿದುವು. ಮಿಡ್‌ವೇ 2009ರಲ್ಲಿ ದಿವಾಳಿಯಾದರೂ ಈ ಆಟದ ನೆನಪು ಹೋಗಿಲ್ಲ.

ಈ ಮೂರರಿಂದ ತಿಳಿಯುವುದು ಇಷ್ಟು. ಕಲಿಯನ್ನು ಕಣದಿಂದ ಹೊರತಂದರೆ ಸಾಲದು, ಹೊರಗೆ ಅವನಿಗೊಂದು ಕೆಲಸವಿರಬೇಕು, ಸಾಧ್ಯವಾದರೆ ಒಬ್ಬ ಜತೆಗಾರನೂ ಬೇಕು. ನಮ್ಮ ದಾರಾಸಿಂಗರನ್ನೇ ನೋಡಿ. 1962ರ 'ಕಿಂಗ್ ಕಾಂಗ್' ಚಿತ್ರದಲ್ಲಿ ಅವರನ್ನು ಜನ ನೋಡಿದ್ದು ಪೈಲ್ವಾನನೆಂದು. 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದಾಗ ಅದೇ ತೋಳಿಗೆ ಒಂದು ಕಾರ್ಯ ಒದಗಿತ್ತು. ಮನೆಮನೆಯಲ್ಲೂ ಅವರು ಉಳಿದದ್ದು ಹನುಮಂತನಾಗಿ.

ಕತೆ ಯಾರದು?

ಇನ್ನು ಜತ್ತದ ಹುಡುಗನ ಮಾತಿಗೆ ಬರೋಣ. ಬರಿಯ ಹೊಡೆದಾಟದ ಆಟಕ್ಕೆ ಭಾಷೆ ಬೇಡ. ಒದೆಯುವುದು, ತಪ್ಪಿಸಿಕೊಳ್ಳುವುದು ಎಲ್ಲರಿಗೂ ತಿಳಿಯುತ್ತದೆ. ಆದರೆ ಕಣ ಬಿಟ್ಟು ಕತೆಗೆ ಇಳಿದೊಡನೆ ಮಾತು ಬೇಕಾಗುತ್ತದೆ. ಮೇಲೆ ಹೇಳಿದ ಮೂರು ಆಟಗಳಲ್ಲೂ ಕನ್ನಡದ ಒಂದು ಪದವಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಹುಡುಗ ವೀರನ ಕತೆಯನ್ನು ಮೂರನೆಯ ಭಾಷೆಯಲ್ಲಿ ಅರೆಬರೆ ಹಿಡಿಯಬೇಕು, ಅಥವಾ ಕತೆಯನ್ನು ಹಾರಿಸಿ ಹೊಡೆದಾಟವನ್ನಷ್ಟೇ ಉಳಿಸಿಕೊಳ್ಳಬೇಕು. ಎರಡನೆಯದೇ ಸುಲಭ. ಆಗ ಯಾಕೆ ಹೊಡೆದ ಎಂಬುದು ಹೋಗಿ ಹೇಗೆ ಹೊಡೆದ ಎಂಬುದಷ್ಟೇ ಉಳಿಯುತ್ತದೆ. ಇಂಥ ಆಟಗಳ ಬಗ್ಗೆ ಹೆತ್ತವರು ಹೆದರಬೇಕಾದ್ದು ಇದಕ್ಕೆ.

ಕೆಲಸ ಬಲ್ಲವರು ನಮ್ಮಲ್ಲಿಲ್ಲವೆ? ಇದ್ದಾರೆ. ಸಬ್-ಝೀರೋನ ಕತೆ ಬಂದ ಅದೇ 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ 'ಧ್ರುವ' ಎಂಬ ಆಟ ತಯಾರಿಸುವ ಸಂಸ್ಥೆ ಆರಂಭಿಸಿದರು. ವರ್ಷಗಟ್ಟಲೆ ಪರದೇಶದ ಆಟಗಳಿಗೆ ಚಿತ್ರ ಬರೆದುಕೊಟ್ಟ ಆ ಸಂಸ್ಥೆಯನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕಂಪೆನಿ ಕೊಂಡಿತು. ಕೈಕೆಲಸ ನಮ್ಮವರದು, ಕತೆ ಮಾತ್ರ ಅವರದೇ. ಹಾಗೆಂದು ದಾರಿ ಮುಚ್ಚಿಲ್ಲ. ಪುಣೆಯ ಸಣ್ಣ ತಂಡವೊಂದು 2020ರಲ್ಲಿ 'ರಾಜಿ' ಎಂಬ ಆಟ ತಂದಿತು. ಅಸುರರು ಒಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕತೆ ಅದು. ಅವಳು ಯಾಕೆ ಹೋರಾಡುತ್ತಾಳೆಂದು ಯಾವ ಮಗುವಿಗೂ ವಿವರಿಸಬೇಕಾಗಿಲ್ಲ.

ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ-ಚೆನ್ನಯರ ಸ್ಥಾನ. ಘಟ್ಟದ ಮೇಲೆ ಗರಡಿ ಎಂದರೆ ಮಣ್ಣಿನ ಕಣ. ಒಂದರಲ್ಲಿ ವೀರರ ಕತೆ, ಇನ್ನೊಂದರಲ್ಲಿ ಪಟ್ಟು. ಎರಡನ್ನೂ ಬಲ್ಲ ನಾಡಿನ ಹುಡುಗರು ಆಟ ಕಟ್ಟುವ ವಿದ್ಯೆಯನ್ನೂ ಕಲಿಯುತ್ತಿದ್ದಾರೆ. ಇಬ್ಬರು ಅವಳಿ ವೀರರು ಜತೆಯಾಗಿ ಹೊರಡುವ ಕತೆ ನಮ್ಮ ಕೈಯಲ್ಲೇ ಇದೆ. ಅದನ್ನು ಜತ್ತದವನಿಗೂ ಕುಂಬಳೆಯವನಿಗೂ ಅರ್ಥವಾಗುವ ಕನ್ನಡದಲ್ಲಿ ಆಟವಾಗಿಸಲು ಯಾರಾದರೂ ಮುಂದಾದರೆ, ಆಡುವವರಿಗೆ ಇಲ್ಲಿ ಕೊರತೆಯಿಲ್ಲ.