ಕಾಲಿಗೆ ಹಿಡಿಸದ ಸವಾರಿ ಬೂಟು: ಎಸೆಯುವ ಮುನ್ನ ಕೆಲವು ಮಾತು

ಮೈಸೂರು ದಸರೆಯ ಜಂಬೂ ಸವಾರಿಯನ್ನು ಕಂಡವರಿಗೆ ಅಲ್ಲಿನ ಅಶ್ವಾರೋಹಿ ಪೊಲೀಸ್ ದಳದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮೊಣಕಾಲಿನವರೆಗೆ ಏರಿದ, ಕನ್ನಡಿಯಂತೆ ಹೊಳೆಯುವ ಬೂಟುಗಳು ಆ ಸವಾರರ ಗತ್ತಿನ ಒಂದು ಭಾಗವೇ ಆಗಿವೆ. ಆ ದಳದಲ್ಲಿ ಸೇವೆ ಸಲ್ಲಿಸಿದ ನಮ್ಮ ತಂದೆಯವರು ಸ್ವಂತ ಖರ್ಚಿನಲ್ಲಿ ಹೊಲಿಸಿಕೊಂಡಿದ್ದ ಒಂದು ಜೊತೆ ಬೂಟು, ಅವರ ಕಾಲಾನಂತರ ಡೊಂಬಿವಲಿಯ ನಮ್ಮ ಮನೆಯ ಅಟ್ಟವನ್ನು ಸೇರಿತ್ತು. ನವಿ ಮುಂಬಯಿಯಲ್ಲಿರುವ ಅಣ್ಣನ ಮಗಳು ಹದಿನೇಳರ ವಯಸ್ಸಿನಲ್ಲಿ ಕುದುರೆ ಸವಾರಿಯನ್ನು ಕಲಿಯತೊಡಗಿದಾಗ ಅವು ಅವಳ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿದವು. ಇಪ್ಪತ್ತೆರಡು ತುಂಬುವಷ್ಟರಲ್ಲಿ ಪಾದ ಸಲೀಸಾಗಿ ಒಳಹೋದರೂ ಮೀನಖಂಡ ಹಿಡಿಸದಾಯಿತು. ಅಜ್ಜನ ಬೂಟು ತೊಡಲಾಗದೆಂದು ಹುಡುಗಿ ಸವಾರಿಯನ್ನೇ ಬಿಡುವ ಮಾತನಾಡಿದಳು. ಆ ಸಂದರ್ಭದಲ್ಲಿ ನಾವು ಓಡಾಡಿ ಕಲಿತ ಸಂಗತಿಗಳನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಎತ್ತರದ ಬೂಟು ಏಕೆ?

ಇದು ಕೇವಲ ಅಲಂಕಾರವಲ್ಲ. ರಿಕಾಪಿನ ಪಟ್ಟಿ ಕಾಲಿನ ಒಳಮಗ್ಗುಲಿಗೆ ಉಜ್ಜಿ ಚರ್ಮ ಸುಲಿಯದಂತೆ ಬೂಟಿನ ಕೊಳವೆ ಕಾಪಾಡುತ್ತದೆ. ಹಿಮ್ಮಡಿಯ ಎತ್ತರವು ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಂತೆ ತಡೆಯುತ್ತದೆ. ಆದ್ದರಿಂದ ತಿದ್ದುಪಡಿ ಮಾಡಿಸುವಾಗ ಎರಡು ನಿಯಮಗಳನ್ನು ಮರೆಯಬಾರದು. ಕುದುರೆಯ ಮೈಗೆ ತಾಗುವ ಒಳಮಗ್ಗುಲಿನಲ್ಲಿ ಹೊಸ ಹೊಲಿಗೆ ಬರಕೂಡದು, ಹಿಮ್ಮಡಿಯನ್ನು ತಗ್ಗಿಸಕೂಡದು.

ಮೊದಲು ಅಳತೆ

ಸವಾರಿಯ ಷರಾಯಿ ಮತ್ತು ಕಾಲುಚೀಲವನ್ನು ತೊಟ್ಟು, ಮೊಣಕಾಲನ್ನು ಲಂಬಕೋನದಲ್ಲಿ ಮಡಚಿ ಕುರ್ಚಿಯ ಮೇಲೆ ಕುಳಿತುಕೊಳ್ಳಬೇಕು. ಮೀನಖಂಡದ ಅತ್ಯಂತ ದಪ್ಪ ಭಾಗದ ಸುತ್ತಳತೆ ಒಂದು. ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗಿನ ಎತ್ತರ ಇನ್ನೊಂದು. ಎರಡು ಕಾಲುಗಳು ಸಮನಾಗಿರುವುದು ಅಪರೂಪವಾದ್ದರಿಂದ ಎರಡನ್ನೂ ಅಳೆಯಬೇಕು. ದಿನವಿಡೀ ನಿಂತು ನಡೆದ ಕಾಲು ಸಂಜೆಗೆ ತುಸು ಊದಿಕೊಳ್ಳುವುದರಿಂದ ಸಂಜೆಯ ಅಳತೆಯೇ ಕ್ಷೇಮಕರ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಬೂಟಿನ ಚಿಂತೆಯನ್ನು ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕು.

ನಮ್ಮ ಹುಡುಗಿಯ ಸುತ್ತಳತೆ 38 ಸೆಂಟಿಮೀಟರ್. ಬೂಟಿನ ಒಳಸುತ್ತು 35. ಕೊರತೆ ಮೂರೇ ಸೆಂಟಿಮೀಟರ್ ಎಂದು ತಿಳಿದಾಗಲೇ ಮನೆಯವರ ಅರ್ಧ ಆತಂಕ ಕಳೆಯಿತು.

ಯಾವುದು ಸಾಧ್ಯ, ಯಾವುದು ಅಸಾಧ್ಯ

ಒಂದು ಸೆಂಟಿಮೀಟರಿನಷ್ಟು ಕೊರತೆಯಾದರೆ ಚರ್ಮವನ್ನು ಮೃದುಗೊಳಿಸುವ ದ್ರಾವಣವನ್ನು ಒಳಗೆ ಸವರಿ, ತಿರುಪು ಇರುವ ಮರದ ಅಚ್ಚನ್ನು ತೂರಿಸಿ, ಕೆಲವು ದಿನಗಳ ಕಾಲ ಸ್ವಲ್ಪಸ್ವಲ್ಪವಾಗಿ ಹಿಗ್ಗಿಸಬಹುದು. ಅದಕ್ಕೂ ಮೀರಿದರೆ ಬಿಚ್ಚಿ ತುಂಡು ಸೇರಿಸುವುದೇ ದಾರಿ. ಹಿಂಬದಿಯ ಹೊಲಿಗೆಯನ್ನು ಬಿಚ್ಚಿ ಅಲ್ಲಿ ಚರ್ಮದ ಪಟ್ಟಿಯನ್ನಾಗಲಿ, ಎಲಾಸ್ಟಿಕ್ ಪಟ್ಟಿಯನ್ನಾಗಲಿ ಕೂಡಿಸಬಹುದು. ಎಲಾಸ್ಟಿಕ್ ಸುಲಭ, ಆದರೆ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಚರ್ಮದ ಪಟ್ಟಿಗೆ ಶ್ರಮ ಹೆಚ್ಚು, ಬಾಳಿಕೆಯೂ ಹೆಚ್ಚು. ಎತ್ತರ ಹೆಚ್ಚಾಗಿ ಮೊಣಕಾಲಿನ ಹಿಂದೆ ಚುಚ್ಚುತ್ತಿದ್ದರೆ ಮೇಲಂಚನ್ನು ಕತ್ತರಿಸಿ ಮರಳಿ ಅಂಚು ಕಟ್ಟಿಸಬಹುದು. ಆದರೆ ಹೊಸ ಬೂಟು ಹರಡಿನ ಬಳಿ ನೆರಿಗೆ ಬಿದ್ದು ಎರಡು-ಮೂರು ಸೆಂಟಿಮೀಟರ್ ತಾನಾಗಿಯೇ ಇಳಿಯುವುದರಿಂದ ಕತ್ತರಿಗೆ ಅವಸರ ಮಾಡಬಾರದು.

ಪಾದದ ಉದ್ದ ಸಾಲದಿದ್ದರೆ ಮಾತ್ರ ಯಾವ ಕುಶಲಕರ್ಮಿಯೂ ಸಹಾಯ ಮಾಡಲಾರ. ರಬ್ಬರಿನ ಅಚ್ಚಿನ ಬೂಟಿಗೂ ಈ ಉಪಾಯಗಳು ಒಗ್ಗುವುದಿಲ್ಲ. ಅಂಥವರು ಗಿಡ್ಡ ಬೂಟನ್ನು ಧರಿಸಿ, ಅದರ ಮೇಲೆ ಮೀನಖಂಡವನ್ನು ಸುತ್ತುವ ಚರ್ಮದ ಕವಚವನ್ನು ತೊಡಬಹುದು. ಕಲಿಯುವವರಿಗೆ ಇದು ಮಿತವ್ಯಯದ ಹಾದಿಯೂ ಹೌದು.

ಬಟ್ಟೆಯ ಹೊಲಿಗೆಯನ್ನು ಬಿಚ್ಚಿದರೆ ಸೂಜಿಯ ಗುರುತು ಕ್ರಮೇಣ ಮಾಸೀತು. ಚರ್ಮದಲ್ಲಿ ಒಮ್ಮೆ ಬಿದ್ದ ರಂಧ್ರ ಮುಚ್ಚುವುದಿಲ್ಲ. ಒಂದು ತಪ್ಪು ಹೊಲಿಗೆ ಬೂಟನ್ನು ಶಾಶ್ವತವಾಗಿ ದುರ್ಬಲಗೊಳಿಸುತ್ತದೆ. ಕೆಲಸ ಬಲ್ಲವರನ್ನೇ ಹುಡುಕಬೇಕು ಎನ್ನುವುದು ಇದಕ್ಕಾಗಿ.

ನಮ್ಮ ಅನುಭವ

ನಾವು ಮೊದಲು ಹೋದ ಅಂಗಡಿಯಲ್ಲಿ ಬೂಟನ್ನು ನೆನೆಸಿ ಒಂದೇ ರಾತ್ರಿಯಲ್ಲಿ ಬಲವಂತವಾಗಿ ಹಿಗ್ಗಿಸಿದರು. ಒಂದು ಹೊಲಿಗೆ ಎರಡು ಅಂಗುಲ ಸೀಳಿತು. ಹುಡುಗಿ ತೆಳ್ಳಗಾಗಲಿ ಎಂಬ ಉಪದೇಶವೂ ಉಚಿತವಾಗಿ ದೊರೆಯಿತು. ಅವಳು ಅಲ್ಲಿಂದ ತಲೆ ತಗ್ಗಿಸಿ ಹೊರಬಂದದ್ದು ನಮಗೆ ಸೀಳಿದ ಬೂಟಿಗಿಂತ ಹೆಚ್ಚು ನೋವುಂಟುಮಾಡಿತು.

ಬಳಿಕ ಪರಿಚಿತರೊಬ್ಬರು ಕಲ್ಯಾಣದ ಒಬ್ಬ ಹಿರಿಯ ಮೋಚಿಯ ಬಳಿಗೆ ಕಳುಹಿಸಿದರು. ವಿಜಯಪುರದ ಕಡೆಯಿಂದ ಬಂದ ಕುಟುಂಬ. ನಮ್ಮ ಮಾತು ಕೇಳಿದೊಡನೆ ಕನ್ನಡದಲ್ಲಿಯೇ ಉತ್ತರಿಸಿದರು. ಅವರು ಮೊದಲು ಹುಡುಗಿಯನ್ನು ಕುಳ್ಳಿರಿಸಿ ತಾವೇ ಅಳತೆ ತೆಗೆದುಕೊಂಡರು. ಹಿಂಬದಿಯನ್ನು ಹರಡಿನ ಮೇಲಿನವರೆಗೆ ಬಿಚ್ಚಿ, ಮೇಲೆ ನಾಲ್ಕು ಸೆಂಟಿಮೀಟರ್ ಅಗಲವಿದ್ದು ಕೆಳಕ್ಕೆ ಮೊನೆಯಾಗುವ ಪಟ್ಟಿಯನ್ನು ಕತ್ತರಿಸಿದರು. ಮೂರು ಕೊರತೆಗೆ, ಒಂದು ಕಾಲಿನ ಓಡಾಟಕ್ಕೆ ಎಂಬುದು ಅವರ ಲೆಕ್ಕ. ಹಿಗ್ಗುವ ಗುಣ ಹೆಚ್ಚಿರುವ ಹೊಟ್ಟೆಯ ಭಾಗದ ಚರ್ಮವನ್ನು ಬಿಟ್ಟು ಬೆನ್ನಿನ ಭಾಗದ್ದನ್ನು ಆರಿಸಿದರು. ಅಂಚುಗಳನ್ನು ತೆಳ್ಳಗೆ ಹೆರೆದು, ಮೇಣ ಸವರಿದ ದಾರದಿಂದ ಹಳೆಯ ರಂಧ್ರಗಳಲ್ಲಿಯೇ ಕೈಯಿಂದ ಹೊಲಿದರು. ಸೀಳಿದ್ದ ಭಾಗವನ್ನೂ ಹಾಗೆಯೇ ಸರಿಪಡಿಸಿದರು. ಕೊನೆಯಲ್ಲಿ ಹುಡುಗಿಯನ್ನು ನಡೆಸಿ, ಕೂರಿಸಿ, ಎಬ್ಬಿಸಿ ನೋಡಿದ ಮೇಲೆಯೇ ಹಣದ ಮಾತೆತ್ತಿದರು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಕಲ್ಯಾಣ ಬೀದರ ಜಿಲ್ಲೆಯದು, ಇದು ರೈಲು ಜಂಕ್ಷನ್ನಿನ ಕಲ್ಯಾಣ. ಆದರೂ ಅವರು ಕೇಳಿದ ಮೊತ್ತದಲ್ಲಿ ನೂರು ರೂಪಾಯಿ ತಗ್ಗಿಸಲು ಚೌಕಾಸಿಗಿಳಿದ ನಮಗೆ ಆ ಕಥೆ ನೆನಪಾಗಿ ನಾಚಿಕೆಯಾಯಿತು, ಕೇಳಿದಷ್ಟನ್ನೂ ಕೊಟ್ಟೆವು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಈ ಕೈಗಳ ವಿದ್ಯೆಯಲ್ಲಿ ನಮ್ಮ ನಾಡಿನ ಪಾಲೂ ಇದೆ ಎಂಬುದು ಇಲ್ಲಿ ಉಲ್ಲೇಖನೀಯ.

ಮಳೆಗಾಲದ ಜಾಗ್ರತೆ

ನಮ್ಮ ಠಾಣೆ ಪರಿಸರದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಚರ್ಮಕ್ಕೆ ಶತ್ರು. ಒದ್ದೆಯಾದ ಬೂಟನ್ನು ಬಿಸಿಲಿಗಾಗಲಿ, ಒಲೆಯ ಬಳಿಯಾಗಲಿ ಇಡದೆ ಫ್ಯಾನಿನ ಗಾಳಿಯಲ್ಲಿ ಆರಿಸಬೇಕು. ಕೊಳವೆ ಮಡಚಿ ಬೀಳದಂತೆ ಒಳಗೆ ಸುರುಳಿ ಸುತ್ತಿದ ವೃತ್ತಪತ್ರಿಕೆಯನ್ನು ನಿಲ್ಲಿಸಬೇಕು. ಪ್ಲಾಸ್ಟಿಕ್ ಚೀಲ ಬೂಷ್ಟಿಗೆ ಆಹ್ವಾನ. ಹತ್ತಿಯ ಚೀಲವೇ ಲೇಸು.

ಅಣ್ಣನ ಮಗಳು ಈಗ ಅಜ್ಜನ ಬೂಟು ಧರಿಸಿಯೇ ಭಾನುವಾರಗಳಂದು ಸವಾರಿಗೆ ಹೋಗುತ್ತಾಳೆ. ಹಿಂಬದಿಯ ಹೊಸ ಪಟ್ಟಿ ಹಳೆಯದಕ್ಕಿಂತ ತುಸು ಕಪ್ಪಾಗಿ ಕಾಣುತ್ತದೆ. ಅದನ್ನು ಬಣ್ಣ ಹಾಕಿ ಮರೆಮಾಚುವುದು ಬೇಡವೆಂದು ಅವಳೇ ಹೇಳಿದಳು. ಓದುಗರ ಮನೆಯ ಅಟ್ಟದಲ್ಲಿಯೂ ಹಿರಿಯರ ಇಂತಹ ವಸ್ತುಗಳಿದ್ದರೆ, ಗುಜರಿಗೆ ಹಾಕುವ ಮುನ್ನ ಅಳತೆಪಟ್ಟಿ ಹಿಡಿದು ಒಮ್ಮೆ ಕೆಳಗಿಳಿಸಿ ನೋಡಬೇಕೆಂಬುದು ನಮ್ಮ ವಿನಂತಿ.