ಗಣಕದೊಳಗೊಂದು ಗಣಕ

ಇಂಜಿನಿಯರಿಂಗ್ ಕಾಲೇಜುಗಳಿಗೆ ಮಕ್ಕಳನ್ನು ಸೇರಿಸುವ ಕಾಲ ಬಂದಿತೆಂದರೆ ಮೂಡುಬಿದಿರೆಯ ಆಸುಪಾಸಿನ ಮನೆಗಳಲ್ಲಿ ಶುಲ್ಕದ ಚಿಂತೆಯ ಬೆನ್ನಿಗೇ ಇನ್ನೊಂದು ಚಿಂತೆ ತಲೆದೋರುತ್ತದೆ: ಯಾವ ಲ್ಯಾಪ್‌ಟಾಪನ್ನು ಕೊಳ್ಳುವುದು? ಬೆಳ್ತಂಗಡಿಯ ಕೃಷಿಕನಿಗೆ ಅದು ಅಂಗಳದಲ್ಲಿ ಒಣಗಿದ ಅಡಕೆಯ ಪ್ರಶ್ನೆ. ಬಂಟ್ವಾಳದ ತಾಯಿಗೆ ವರ್ಷಗಟ್ಟಲೆ ಸುತ್ತಿದ ಬೀಡಿಯ ಪ್ರಶ್ನೆ. ಕೊಂಡ ಯಂತ್ರ ನಾಲ್ಕು ವರ್ಷ ಬಾಳಲೇಬೇಕು. ಕನ್ನಡದ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಿಯಾರು. ಕೆಲಸವುಂಟು; ಅದನ್ನು ಮುಂದೆ ಹೇಳುವೆನು.

ಪ್ರೋಗ್ರಾಮಿಂಗ್ ಕಲಿಯುವವನಿಗೆ ಒಂದು ಗಣಕ ಸಾಲದು. ವಿಂಡೋಸ್ ಇರುವಲ್ಲಿಯೇ ಲಿನಕ್ಸ್ ಬೇಕು; ಕೆಡಿಸಿ ಮತ್ತೆ ಕಟ್ಟಲು ಮೂರನೆಯದೊಂದು ಬೇಕು. ಇವನ್ನೆಲ್ಲ ಒಂದರ ಒಡಲಲ್ಲಿಯೇ ಸೃಷ್ಟಿಸಿಕೊಳ್ಳುವ ಉಪಾಯಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು. ಹೊಸತೇನಲ್ಲ: ಐ.ಬಿ.ಎಂ. ಸಂಸ್ಥೆ ತನ್ನ ದೊಡ್ಡ ಗಣಕಗಳಿಗಾಗಿ ೧೯೭೨ರಲ್ಲಿಯೇ ಇದನ್ನು ಹೊರತಂದಿತ್ತು. ಒಂದೇ ಮನೆಯಲ್ಲಿ ಇನ್ನೊಂದು ಒಲೆ ಹೂಡಿದಂತೆ ಎನ್ನಬಹುದು. ಒಲೆ ಬೇರೆ, ಅಕ್ಕಿ ಮಾತ್ರ ಅದೇ ಪತ್ತಾಯದ್ದು.

ಆ ಪತ್ತಾಯವೇ ರ್‍ಯಾಮ್. ಎಂಟು ಜಿ.ಬಿ.ಯ ಯಂತ್ರದಲ್ಲಿ ನಾಲ್ಕನ್ನು ಒಳಗಿನ ಯಂತ್ರಕ್ಕೆ ಅಳೆದುಕೊಟ್ಟರೆ ಉಳಿಯುವುದು ನಾಲ್ಕು; ವಿಂಡೋಸ್ ೧೧ಕ್ಕೆ ಬೇಕಾದ ಕನಿಷ್ಠವೇ ಅಷ್ಟು. ಹದಿನಾರು ಇದ್ದರೆ ಬಾಳುವೆ ಸುಗಮ, ಮೂವತ್ತೆರಡು ಸಮೃದ್ಧಿ. ಒಮ್ಮೆಗೇ ಅಷ್ಟು ಹಣ ಹೊಂದದವರು ರ್‍ಯಾಮ್ ಮುಂದೆ ಸೇರಿಸಲು ಬರುತ್ತದೆಯೋ, ಫಲಕಕ್ಕೆ ಬೆಸುಗೆ ಹಾಕಿ ಮುಗಿಸಿದ್ದಾರೆಯೋ ಎಂಬುದನ್ನು ಕೇಳಲೇಬೇಕು. ಬಣ್ಣಬಣ್ಣದ ದೀಪ ಹೊಳೆಯುವ ಕೀಲಿಮಣೆಯನ್ನೂ ಆಟಕ್ಕೆಂದೇ ಇರುವ ಗ್ರಾಫಿಕ್ಸ್ ಕಾರ್ಡನ್ನೂ ಅಂಗಡಿಯವರು ಉತ್ಸಾಹದಿಂದ ತೋರಿಸುತ್ತಾರೆ. ಅವುಗಳಿಂದ ಈ ವಿದ್ಯೆಗೆ ಉಪಕಾರವಿಲ್ಲ. ಆ ಹಣವನ್ನು ರ್‍ಯಾಮಿಗೂ ೫೧೨ ಜಿ.ಬಿ.ಗೆ ಕಡಿಮೆಯಿಲ್ಲದ ಎಸ್.ಎಸ್.ಡಿ.ಗೂ ಹಾಕುವುದು ಜಾಣತನ. ಅದೇ ಬೆಲೆಗೆ ಮೇಜಿನ ಗಣಕ ಹೆಚ್ಚು ಬಲಿಷ್ಠವಾದುದು ದೊರೆಯುವುದು ನಿಜ. ಆದರೆ ಬಸ್ಸಿನಲ್ಲಿ ದಿನವೂ ಹೋಗಿಬರುವ ಹುಡುಗಿ ಅದನ್ನು ಹೊತ್ತಾಳೆಯೇ? ಮಳೆಗಾಲದ ಮುನ್ನ ಗುಡುಗು ಕೇಳಿದೊಡನೆ ತಂತಿ ಕಿತ್ತಿಡುವ ನಮ್ಮ ಕಡೆಯಲ್ಲಿ ಬ್ಯಾಟರಿಯಿರುವ ಯಂತ್ರಕ್ಕೇ ನನ್ನ ಒಲವು.

ಇನ್ನು ನನ್ನ ಕೆಲಸ. ಕನ್ನಡ ಯುನಿಕೋಡಿಗೆ ಸೇರಿದ್ದು ೧೯೯೧ರಲ್ಲಿ. ಆದರೆ ಬಹುಕಾಲ ನಮ್ಮ ಅಚ್ಚುಕೂಟಗಳಲ್ಲಿ ಪುಸ್ತಕಗಳು ಸಿದ್ಧವಾದದ್ದು ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರಿನಲ್ಲಿ. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡಕ್ಕೊಂದು ಸುಲಭ ಕೀಲಿಮಣೆಯ ವಿನ್ಯಾಸ ಮಾಡಿ, ನಮ್ಮ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನ ತಂತ್ರಾಂಶವನ್ನು ಉಚಿತವಾಗಿ ಹಂಚಿದರು, ೧೯೯೮ರಲ್ಲಿ ‘ಬರಹ’ ಬಂದಿತು, ಅನಂತರ ‘ನುಡಿ’. ಆ ಕಾಲದ ಕಡತವನ್ನು ಇಂದಿನ ಗಣಕದಲ್ಲಿ ತೆರೆದರೆ ಫಾಂಟಿಲ್ಲದೆ ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆ. ಪರಿವರ್ತಕಗಳಿವೆ; ಆದರೆ ಮೂಲದ ಪುಟ ಎದುರಿಗಿಲ್ಲದೆ ತಪ್ಪು ಹಿಡಿಯುವುದು ಹೇಗೆ? ಪೇಜ್‌ಮೇಕರಿನ ಬೆಳವಣಿಗೆ ೨೦೦೪ರಲ್ಲಿ ನಿಂತಿತು, ವಿಂಡೋಸ್ ಎಕ್ಸ್‌ಪಿಗೆ ಆಸರೆ ೨೦೧೪ರಲ್ಲಿ ಮುಗಿಯಿತು. ಒಡೆತನದ ಹಳೆಯ ಪ್ರತಿಯಿದ್ದಲ್ಲಿ ಇವೆರಡನ್ನೂ ಹೊಸ ಗಣಕದ ಒಳಯಂತ್ರದಲ್ಲಿ, ಅಂತರ್ಜಾಲದ ಸಂಪರ್ಕ ಕಡಿದು, ಸುರಕ್ಷಿತವಾಗಿ ಬಾಳಿಸಬಹುದು.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಉಳಿದುಬಂದವು. ಭಾಷೆ ಪ್ರಾಕೃತ, ಲಿಪಿ ಕನ್ನಡ. ಅವನ್ನು ಪ್ರತಿಮಾಡಿದ್ದರಿಂದಲೇ ೧೯೩೯ರಲ್ಲಿ ಮೊದಲ ಸಂಪುಟ ಅಚ್ಚಾಗಿ ಜಗತ್ತಿಗೆ ದೊರೆಯಿತು. ಗರಿಯನ್ನಾದರೋ ಲಿಪಿ ಬಲ್ಲ ಕಣ್ಣು ಓದೀತು. ಪೇಜ್‌ಮೇಕರಿನ ಕಡತವನ್ನು ಅದರ ಯಂತ್ರವಿಲ್ಲದೆ ಯಾವ ಪಂಡಿತನೂ ಓದಲಾರ. ನಮ್ಮ ಊರುಗಳಲ್ಲಿ ಸ್ಮರಣಸಂಚಿಕೆ, ಯಕ್ಷಗಾನ ಪ್ರಸಂಗ, ಸಂಶೋಧನ ಪ್ರಬಂಧ ಎಷ್ಟು ಸಿ.ಡಿ.ಗಳಲ್ಲಿ ಮಲಗಿವೆಯೋ!

ಆದುದರಿಂದ ಇಂತಹ ಕೆಲಸಕ್ಕೆ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ೨೦೨೦ರಿಂದ ಆಪಲ್ ತನ್ನ ಗಣಕಗಳಿಗೆ ಬೇರೆ ಜಾತಿಯ ಪ್ರೊಸೆಸರನ್ನು ಅಳವಡಿಸತೊಡಗಿತು. ಅವು ಚುರುಕಾದವು, ಆದರೆ ಎಕ್ಸ್‌ಪಿಯಂಥ ಹಳೆಯ ವಿಂಡೋಸನ್ನು ಅವುಗಳಲ್ಲಿ ಅನುಕರಣೆಯಿಂದ ಮಾತ್ರ, ಬಲು ನಿಧಾನವಾಗಿ ಓಡಿಸಬೇಕಾಗುತ್ತದೆ. ಇಂಟೆಲ್, ಎ.ಎಂ.ಡಿ. ಪ್ರೊಸೆಸರುಗಳಲ್ಲಿ ಆ ತೊಡಕಿಲ್ಲ; ಒಳಯಂತ್ರಕ್ಕೆ ನೆರವಾಗುವ ಸೌಕರ್ಯವನ್ನು ಅವು ೨೦೦೫–೦೬ರಿಂದಲೇ ಪಡೆದಿವೆ. ಕೆಲವು ಯಂತ್ರಗಳಲ್ಲಿ ಆ ಸೌಕರ್ಯ ಆರಿಸಿಟ್ಟಂತೆಯೇ ಬರುವುದುಂಟು. ಟಾಸ್ಕ್ ಮ್ಯಾನೇಜರಿನಲ್ಲಿ ವರ್ಚುವಲೈಸೇಶನ್ ಎಂಬುದರ ಎದುರು ‘ಎನೇಬಲ್ಡ್’ ಎಂದಿದೆಯೇ ಎಂದು ಬಿಲ್ಲು ಬರೆಸುವ ಮೊದಲೇ ಅಂಗಡಿಯಲ್ಲಿ ನೋಡಿಕೊಳ್ಳಬಹುದು.