ಬೆರೆತುದನ್ನು ಬೇರ್ಪಡಿಸುವ ಬಗೆ

ಖಾನಾಪುರದ ಮಗ್ಗುಲಿನ ಘಟ್ಟದ ಅಡವಿಗಳಲ್ಲಿ ದುರ್ವಾಸನೆ ಮರವೆಂಬುದೊಂದುಂಟು; ಮರಾಠಿಯಲ್ಲಿ ಅದಕ್ಕೆ ನರಕ್ಯಾ ಎನ್ನುವರು. ಹೂವಿನ ದುರ್ಗಂಧದಿಂದ ಈ ಹೆಸರು ಪಡೆದ ಮರದೊಳಗೆ ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವಿದೆ. 1966ರಲ್ಲಿ ವಾಲ್ ಮತ್ತು ವಾನಿ ಎಂಬ ಪಂಡಿತರು ಚೀನದೇಶದ ಒಂದು ಮರದಲ್ಲಿ ಇದನ್ನು ಕಂಡುಹಿಡಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬವರು ನಮ್ಮ ದುರ್ವಾಸನೆ ಮರದಲ್ಲಿಯೂ ಕಂಡರು. ಇದನ್ನು ಮಾರ್ಪಡಿಸಿ ಮಾಡಿದ ಔಷಧಗಳು ಕ್ಯಾನ್ಸರ್ ರೋಗಿಗಳಿಗೆ ಸಲ್ಲುತ್ತಿವೆ. ಆದರೆ ಒಣಗಿದ ಮರದ ನೂರು ಪಾಲಿನಲ್ಲಿ ಈ ದ್ರವ್ಯವು ಸಾಮಾನ್ಯವಾಗಿ ಒಂದು ಪಾಲೂ ಇರುವುದಿಲ್ಲ. ಅನೇಕ ದ್ರವ್ಯಗಳೊಡನೆ ಬೆರೆತಿರುವ ಆ ಕಿಂಚಿತ್ತನ್ನು ಬೇರ್ಪಡಿಸುವುದೆಂತು?

ಬೆಳಗಾವಿಯ ಖಡೇ ಬಜಾರಿನಲ್ಲಿ ಇಬ್ಬರು ಹುಡುಗಿಯರು ಒಟ್ಟಿಗೆ ಹೊರಟರೆಂದು ತಿಳಿಯಿರಿ. ಒಬ್ಬಳು ಬಳೆಯಂಗಡಿ, ಸೀರೆಯಂಗಡಿಗಳ ಮುಂದೆಲ್ಲ ನಿಲ್ಲುವಳು. ಮತ್ತೊಬ್ಬಳು ನೆಟ್ಟಗೆ ನಡೆವಳು. ಬೀದಿ ಮುಗಿಯುವಷ್ಟರಲ್ಲಿ ಅವರಿಬ್ಬರೂ ದೂರವಾಗಿರುವರು. ಕಾಲಮ್ ಕ್ರೊಮ್ಯಾಟೊಗ್ರಫಿಯ ತತ್ವವು ಇಷ್ಟೇ.

ನಿಲ್ಲಿಸಿದ ಗಾಜಿನ ನಳಿಗೆಯ ತಳಕ್ಕೆ ಹತ್ತಿಯನ್ನಿಟ್ಟು, ಅದರ ಮೇಲೆ ಸಿಲಿಕಾದ ನುಣುಪಾದ ಪುಡಿಯನ್ನು ತುಂಬುವರು. ಮೇಲ್ಗಡೆ ಮಿಶ್ರಣವನ್ನು ತೆಳ್ಳಗೆ ಹರವಿ, ದ್ರಾವಕವನ್ನು ಮೆಲ್ಲನೆ ಹುಯ್ಯುವರು. ಪುಡಿಯು ಬಲವಾಗಿ ಹಿಡಿಯುವ ದ್ರವ್ಯಗಳು ಹಿಂದುಳಿಯುವುವು. ದ್ರಾವಕದೊಡನೆ ಸುಲಭವಾಗಿ ಸಾಗುವಂಥವು ಮೊದಲು ಇಳಿಯುವುವು. ತರುವಾಯ ದ್ರಾವಕವನ್ನು ಬದಲಿಸಿ ಹಿಂದುಳಿದವುಗಳನ್ನೂ ಇಳಿಸಬಹುದು. ಕೆಳಗೆ ಒಂದಾದಮೇಲೊಂದು ಪ್ರನಾಳಗಳಲ್ಲಿ ಅವನ್ನು ಹಿಡಿಯುವರು. ನಡುವೆ ಪುಡಿಯು ಒಣಗಿದರೆ ಬಿರುಕುಬಿಟ್ಟು, ಬೇರೆಯಾದದ್ದು ಪುನಃ ಬೆರೆಯುವುದು. ಆದುದರಿಂದ ಇಲ್ಲಿ ಅವಸರ ಸಲ್ಲದು.

ಮಿಖಾಯಿಲ್ ತ್ಸ್ವೆತ್ ಎಂಬ ರಶಿಯದ ಸಸ್ಯಶಾಸ್ತ್ರಜ್ಞನು ಈ ವಿಧಾನವನ್ನು 1903ರಲ್ಲಿ ವಾರ್ಸಾ ನಗರದಲ್ಲಿ ವಿವರಿಸಿದನು. ಅವನು ಎಲೆಯ ರಸವನ್ನು ಸೀಮೆಸುಣ್ಣದ ಪುಡಿಯ ಮೂಲಕ ಇಳಿಸಲು, ಒಂದೇ ಹಸಿರೆಂದು ತೋರಿದುದು ಹಳದಿ, ಹಸಿರು ಪಟ್ಟೆಗಳಾಗಿ ಒಡೆಯಿತು. ಕ್ಯಾಂಪ್ಟೊಥೆಸಿನ್ನಿಗಾದರೋ ಅಂಥ ಎದ್ದುಕಾಣುವ ಬಣ್ಣವಿಲ್ಲ. ಆದರೂ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆದು ತಾನಿರುವೆಡೆಯನ್ನು ತಿಳಿಸುವುದು.

ಈ ದ್ರವ್ಯದ ಆಸೆಗೆ ಘಟ್ಟದ ಮರಗಳನ್ನು ಬುಡಸಹಿತ ಕಡಿದುದರಿಂದ ಅವು ವಿರಳವಾಗಿವೆ. ಇದೇ ದ್ರವ್ಯವು ಎಲೆಗಳಲ್ಲಿಯೂ ಸ್ವಲ್ಪಮಟ್ಟಿಗೆ ಉಂಟು. ಯಾವ ಮರದಲ್ಲಿ, ಯಾವ ಭಾಗದಲ್ಲಿ ಎಷ್ಟಿದೆಯೆಂದು ಬೇರ್ಪಡಿಸಿ ಅಳೆದರೆ, ಉತ್ತಮವಾದುದರ ಸಸಿಗಳನ್ನು ನೆಟ್ಟು ಅಡವಿಯನ್ನು ಉಳಿಸಬಹುದು. ಬೇರ್ಪಡಿಸುವ ವಿದ್ಯೆಯೇ ಮರಕ್ಕೆ ಕೊಡಲಿಯೂ ಆದೀತು, ಕಾವಲೂ ಆದೀತು. ನಮ್ಮ ಬೆಳಗಾವಿಯಲ್ಲಿಯೇ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯು ಘಟ್ಟದ ಔಷಧಿಸಸ್ಯಗಳ ಶೋಧ ನಡೆಸುತ್ತಿದೆ.

ಪಾಲಕರೇ, ಹುಡುಗಿಯರಿಗೆ ರಸಾಯನಶಾಸ್ತ್ರವೇಕೆಂದು ಕೇಳುವವರು ಇನ್ನೂ ಇದ್ದಾರೆ. ದೇವರು ನಮ್ಮ ಅಡವಿಯಲ್ಲಿಟ್ಟಿರುವುದನ್ನು ಅರಿತು, ಕೆಡಿಸದೆ ಬಳಸುವುದಕ್ಕೆ ತಾಳ್ಮೆಯುಳ್ಳ ಕೈಗಳು ಬೇಕು. ಅಂಥ ಕೈಗಳು ನಿಮ್ಮ ಮನೆಯಲ್ಲಿಯೇ ಇವೆಯೆಂಬುದು ನಮ್ಮ ಉತ್ತರ.